ಇನ್ನೂರ ಹನ್ನೆರಡು ಹೆಜ್ಜೆ

ವಸ್ತಾದರ ಎರಡೂ ಕಿವಿಗಳು ಮುದುಡಿ ಗಂಟುಗಟ್ಟಿದ್ದವು, ಒಣಗಿದ ಅಂಜೂರದ ಹಣ್ಣನ್ನು ತಲೆಯ ಎರಡೂ ಕಡೆ ಅಂಟಿಸಿದ ಹಾಗೆ. ಕುಸ್ತಿಯಲ್ಲಿ ಎದುರಾಳಿಯ ತಲೆಗೆ ಉಜ್ಜಿ ಉಜ್ಜಿ ಹಾಗಾಗಿತ್ತು. ಆ ಗಂಟಿನ ಸಂದಿಯಲ್ಲಿ ಯಾವಾಗಲೂ ಒಂದೆಳೆ ಹತ್ತಿ ಸಿಕ್ಕಿಕೊಂಡಿರುತ್ತಿತ್ತು. ಸ್ನಾನ ಮಾಡಿ ಬಂದರೂ ಇರುತ್ತಿತ್ತು, ಹಬ್ಬದ ದಿನ ಅತ್ತರು ಹಚ್ಚಿಕೊಂಡು ಬಂದರೂ ಇರುತ್ತಿತ್ತು. ಮುಂಜಾನೆ ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವುದು, ಹಗಲೆಲ್ಲ ಹತ್ತಿ ಹಿಂಜಿ ಗಾದಿ ಹೊಲಿಯುವುದು. ಅವರ ಎರಡೂ ಕಸುಬು ಆ ಕಿವಿಯಲ್ಲೇ ಕಾಣುತ್ತಿದ್ದವು.

ಗರಡಿಯ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಅವರಿಗೆ ಬೇರೆ ಹೆಸರೇ ಇರಲಿಲ್ಲ. ಅಂಚೆಯವನೂ ವಸ್ತಾದರ ಮನೆ ಎಂದೇ ಕೇಳುತ್ತಿದ್ದ.

ನಾನು ಅವರ ಕೈಗೆ ಸಿಕ್ಕಿದ್ದು ಹದಿನೇಳನೇ ವಯಸ್ಸಿನಲ್ಲಿ. ದ್ವಿತೀಯ ಪಿಯುಸಿಯಲ್ಲಿ ಎರಡು ವಿಷಯ ಹೋಗಿದ್ದವು. ನಾಲ್ಕು ತಿಂಗಳಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. ಅವ್ವ ಹಳೆಯ ಗಾದಿಯನ್ನು ಹಿಂಜಿಸಬೇಕೆಂದು ಅವರನ್ನು ಕರೆಸಿದ್ದಳು. ಅವರು ಬಂದಾಗ ಅದೇ ಗಾದಿಯ ಮೇಲೆ ನಾನು ಮಲಗಿದ್ದೆ, ಹಗಲು ಹನ್ನೊಂದು ಗಂಟೆಗೆ. ಅವರು ನನ್ನನ್ನು ಎಬ್ಬಿಸಲಿಲ್ಲ. ಗಾದಿಯ ಒಂದು ಅಂಚು ಹಿಡಿದು ಎತ್ತಿದರು. ನಾನು ಉರುಳಿ ನೆಲಕ್ಕೆ ಬಿದ್ದೆ.

"ಅಕ್ಕಾರ, ಮಲಗಿ ಮಲಗಿ ಹತ್ತಿ ಗಂಟಾಗೇತಿ," ಎಂದರು ಅವ್ವನಿಗೆ. "ಗಾದಿ ನಾ ಇವತ್ತ ಹಿಂಜ್ತೀನಿ. ಇವನ್ನ ನಾಳಿ ಮುಂಜಾನಿ ಕಳಸ್ರಿ, ಇವನ್ನೂ ಹಿಂಜೋಣು."

ಅವ್ವ ಬಹಳ ದಿನಗಳ ಮೇಲೆ ನಕ್ಕಳು.

ನನ್ನ ಮೈ ಕುಸ್ತಿಯದಲ್ಲ ಎಂಬುದು ಅವರಿಗೆ ಮೂರನೇ ದಿನಕ್ಕೆ ಗೊತ್ತಾಯಿತು, ನನಗೆ ಮೊದಲೇ ಗೊತ್ತಿತ್ತು. ಆದರೂ ವಾಪಸು ಕಳಿಸಲಿಲ್ಲ. ಒಂದು ನೋಟುಬುಕ್ಕು ಕೊಟ್ಟು ಎಣಿಕೆಗೆ ಕೂರಿಸಿದರು. ಯಾರು ಎಷ್ಟು ಬಸ್ಕಿ, ಎಷ್ಟು ದಂಡ, ಯಾವ ತಾರೀಕು, ಎಲ್ಲ ಬರೆಯಬೇಕು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ದಿನದ ಕೊನೆಗೆ ನನ್ನಿಂದ ಓದಿಸಿಕೊಂಡು ಕೇಳುತ್ತಿದ್ದರು, ಕಣ್ಣು ಮುಚ್ಚಿ, ಹಾಡು ಕೇಳುವವರ ಹಾಗೆ. ನನಗೆ ಲೆಕ್ಕಪ್ಪ ಎಂದು ಹೆಸರಿಟ್ಟರು. ನಾನು ಇವತ್ತಿಗೂ ಬಿಡದೆ ಬರೆಯುವ ದಿನಚರಿ ಆ ನೋಟುಬುಕ್ಕಿನಿಂದ ಶುರುವಾದದ್ದು.

ಆ ಗರಡಿಯಲ್ಲಿ ಎಣಿಕೆಗೆ ಒಂದು ಕಟ್ಟು ಇತ್ತು. ಸಾಮು ಶುರು ಮಾಡುವ ಮೊದಲು ಪ್ರತಿಯೊಬ್ಬನೂ ಅಖಾಡದ ಕೆಮ್ಮಣ್ಣು ಮುಟ್ಟಿ, ಇವತ್ತು ಇಷ್ಟು ಎಂದು ಬಾಯಿಬಿಟ್ಟು ಹೇಳಬೇಕು. ಕಡಿಮೆ ಹೇಳಿದರೆ ಯಾರೂ ನಗುವಂತಿಲ್ಲ. ಆದರೆ ಮಣ್ಣು ಮುಟ್ಟಿ ಹೇಳಿದ ಎಣಿಕೆಯನ್ನು ಇಳಿಸುವಂತಿಲ್ಲ. ಕಾಲು ಹಿಡಿಯಲಿ, ವಾಂತಿ ಬರಲಿ, ಮುಗಿಸಿಯೇ ಕೂರಬೇಕು. ಕೊನೆಯ ಹತ್ತು ಬಸ್ಕಿಗಳನ್ನು ಉಸಿರು ಬಿಗಿಹಿಡಿದು ಹೊಡೆಯಬೇಕು. ಅದಕ್ಕೆ ಅವರು ಕೊಡುತ್ತಿದ್ದ ಕಾರಣ ಒಂದೇ: "ಹಸಿದ ರಕ್ತ ಓಡ್ತೈತಿ, ಉಂಡ ರಕ್ತ ಮಲಗ್ತೈತಿ." ಗಾಳಿ ಸಿಗದ ಹೊತ್ತಿನಲ್ಲಿ ರಕ್ತ ತಾನೇ ದಾರಿ ಹುಡುಕಿಕೊಳ್ಳುತ್ತದೆ, ನರಗಳು ಅಗಲವಾಗುತ್ತವೆ ಎಂದು ಅವರು ನಂಬಿದ್ದರು. ನಾವೂ ನಂಬಿದ್ದೆವು. ನಮ್ಮಂಥ ಹದಿನೆಂಟು ಇಪ್ಪತ್ತರ ಹುಡುಗರ ಮೈ ಅದನ್ನು ತಡೆದುಕೊಂಡಿತು, ಅಷ್ಟೇ.

ಒಮ್ಮೆ ಟಂಟಂ ಆಟೋ ಓಡಿಸುವ ಒಬ್ಬ ಹಿರಿಯ ಪೈಲ್ವಾನ ಐನೂರು ಎಂದು ಮಣ್ಣು ಮುಟ್ಟಿದ್ದ. ನಾನೂರ ಎಂಬತ್ತಕ್ಕೆ ಬಂದಾಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು ನೋಡಿಯೂ ನೋಡದವನಂತೆ ನಾನೂರ ಎಂಬತ್ತೊಂದು ಎಂದೆ. ಸಾಮು ಮುಗಿದ ಮೇಲೆ ಅವನು ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ವಸ್ತಾದರು ದೂರದಲ್ಲಿ ಈರುಳ್ಳಿ ಕಚ್ಚುತ್ತ ರೊಟ್ಟಿ ತಿನ್ನುತ್ತಿದ್ದವರು ಎದ್ದೂ ಬರಲಿಲ್ಲ. "ಬಿಡಲೇ ಅವನ್ನ," ಎಂದರು. "ಮೈ ಸುಳ್ಳ ಹೇಳ್ತೈತಿ, ಬಾಯಿ ಸುಳ್ಳ ಹೇಳ್ತೈತಿ. ಲೆಕ್ಕಪ್ಪ ಹೇಳೂದಿಲ್ಲ."

ಅದಕ್ಕಿಂತ ದೊಡ್ಡ ಮಾತನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆ ವರ್ಷ ಹೋಗಿದ್ದ ಎರಡು ವಿಷಯಗಳನ್ನು ಕಟ್ಟಿ ಪಾಸಾದೆ. ಈಗ ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವ ಕೆಲಸ ನನ್ನದು. ಅಂಕಿ ನೋಡುವುದು, ಬರೆಯುವುದು. ಆ ಕೆಲಸಕ್ಕೆ ನನ್ನನ್ನು ತಯಾರು ಮಾಡಿದವರು ಅವರೇ.

ಅವರ ಹಿಂಜುವ ಯಂತ್ರ ತಗಡಿನ ಶೆಡ್ಡಿನಲ್ಲಿತ್ತು. ಒಂದು ಬಾಗಿಲು, ಕಿಟಕಿ ಇಲ್ಲ. ಗಾಳಿ ಬಂದರೆ ಹತ್ತಿ ಹಾರುತ್ತದೆ ಎಂದು ಕೆಲಸದ ಹೊತ್ತಿನಲ್ಲಿ ಆ ಬಾಗಿಲನ್ನೂ ಎಳೆದುಕೊಳ್ಳುತ್ತಿದ್ದರು. ಒಳಗೆ ಹೋದರೆ ಎದುರಿಗಿದ್ದವರ ಮುಖ ಕಾಣದಷ್ಟು ಧೂಳು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಮನೆಯಾಕೆ, ನಾವೆಲ್ಲ ಚಾಚಿ ಎಂದು ಕರೆಯುವವರು, ಹೇಳಿ ಹೇಳಿ ಸಾಕಾಗಿದ್ದರು. ಮೂಗು ಕಟ್ಟಿಕೊಂಡು ದುಡಿಯಲು ನಾನೇನು ಕಳ್ಳನೇ ಎಂದು ವಸ್ತಾದರು ನಗುತ್ತಿದ್ದರು. ಗಾದಿ ಮಾಡುವವನು ಗಾದಿಯ ಮೇಲೆ ಮಲಗಿದರೆ ಕಸುಬು ಕೆಡುತ್ತದೆ ಎಂದು ಜೀವನವಿಡೀ ಚಾಪೆಯ ಮೇಲೆ ಮಲಗಿದರು. ಅಂಥ ಹಲವು ಹಟಗಳು ಅವರಿಗಿದ್ದವು. ಕೆಲವು ನಗು ತರಿಸುತ್ತಿದ್ದವು. ಒಂದು ಕೊಂದಿತು.

ಕೆಮ್ಮು ಎಷ್ಟು ವರ್ಷದಿಂದ ಇತ್ತೋ ಅವರಿಗೇ ಗೊತ್ತಿಲ್ಲ. ಹೋದ ವರ್ಷದ ಚಳಿಗಾಲದಲ್ಲಿ ಗರಡಿಗೆ ಬರುವುದು ನಿಂತಿತು. ಬೇಸಿಗೆಗೆ ಪಾದಗಳು ಬಾತವು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಉಗುರುಗಳು ನೇರಳೆ ಹಣ್ಣು ತಿಂದವರ ತುಟಿಯ ಬಣ್ಣಕ್ಕೆ ತಿರುಗಿದ್ದವು. ಜೂನ್ ಎರಡನೇ ವಾರ ಅವರನ್ನು ದಾವಣಗೆರೆಗೆ ಕರೆದೊಯ್ದೆವು.

ಅಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಅವಸರವಿಲ್ಲದೆ ಮಾತಾಡುವವರು. ಹತ್ತಿಯ ಧೂಳು ತುಂಬಿ ಶ್ವಾಸಕೋಶ ಬಹಳ ಕೆಟ್ಟಿದೆ ಎಂದರು. ನನಗೆ ಅರ್ಥವಾಗಲೆಂದು ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಗಾಳಿ ಬಾರದ ಕಡೆಗೆ ಹೋಗುವ ರಕ್ತನಾಳ ತಾನಾಗಿ ಬಿಗಿದುಕೊಳ್ಳುತ್ತದೆ, ಅದು ಅದರ ಗುಣ. ಆರೋಗ್ಯವಂತರಲ್ಲಿ ಗಾಳಿ ಬಂದ ಕೂಡಲೇ ಮತ್ತೆ ಸಡಿಲಾಗುತ್ತದೆ. ಇವರಲ್ಲಿ ವರ್ಷಗಟ್ಟಲೆ ಬಿಗಿದುಕೊಂಡೇ ಇದ್ದು ನಾಳದ ಗೋಡೆ ದಪ್ಪವಾಗಿದೆ. ಆ ಬಿಗಿದ ನಾಳಗಳಿಗೆ ರಕ್ತ ನೂಕಿ ನೂಕಿ ಹೃದಯ ಸೋಲುತ್ತಿದೆ, ಕಾಲಿನ ಬಾವು ಅದರದೇ ಗುರುತು.

ವಾಸಿಯಾಗುವ ಕಾಯಿಲೆ ಅಲ್ಲ ಎಂದೂ ಹೇಳಿದರು. ಆದರೆ ಆಕ್ಸಿಜನ್ ಹಚ್ಚಿಕೊಂಡು ದಿನವೂ ಸ್ವಲ್ಪ ಸ್ವಲ್ಪ ನಡೆದರೆ ಉಳಿದಿರುವ ನಾಳಗಳು ಮೆತ್ತಗೆ ಉಳಿಯುತ್ತವೆ, ಕಾಲಿಗೆ ಬಲ ಬರುತ್ತದೆ, ಕೆಲವು ವರ್ಷ ನೆಮ್ಮದಿಯಾಗಿ ಇರಬಹುದು. ಜೋರು ಮಾಡಿದರೆ ರಕ್ತದಲ್ಲಿನ ಆಕ್ಸಿಜನ್ ಇಳಿಯುತ್ತದೆ, ಇಳಿದಷ್ಟೂ ನಾಳ ಬಿಗಿಯುತ್ತದೆ. ಬೆರಳಿಗೆ ಸಿಕ್ಕಿಸುವ ಚಿಕ್ಕ ಮೀಟರಿನಲ್ಲಿ ಎಂಬತ್ತೆಂಟಕ್ಕಿಂತ ಕೆಳಗೆ ಬಂದರೆ ಅಲ್ಲೇ ನಿಲ್ಲಿಸಬೇಕು, ತಮಗೆ ಫೋನು ಮಾಡಬೇಕು. ಮನೆಯಲ್ಲಿಡುವ ಆಕ್ಸಿಜನ್ ಮಿಷನ್ನಿನ ನಳಿಗೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಮಾತ್ರ ನಡಿಗೆ.

"ಎಷ್ಟು ಜೋರು ಅಂತ ಹೆಂಗೆ ತಿಳಿಯಬೇಕು ಅಜ್ಜಾ ಅಂದ್ರೆ, ಮಾತಾಡ್ತಾ ನಡೀಬೇಕು," ಎಂದರು. "ಮಾತು ನಿಂತರೆ ಜೋರಾಯಿತು ಅಂತ."

"ಮಾತಾಡ್ಕೊಂತ ನಡೆಯೂದಂದ್ರ ಸಂತಿಗಿ ಹೋಗೂದು, ತಾಯಿ," ಎಂದರು ವಸ್ತಾದರು. "ಅದಕ್ಕ ವ್ಯಾಯಾಮ ಅಂತಾರೇನು?"

"ಹೌದು. ದಿನಾ ಸಂತೆಗೆ ಹೋಗ್ರಿ. ಬರಿಗೈಯಲ್ಲಿ ಬರ್ರಿ."

ವಸ್ತಾದರು ನಕ್ಕರು, ನಗು ಕೆಮ್ಮಾಯಿತು. ನಾನು ಫೋನ್ ನಂಬರನ್ನು ಹೊಸ ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ.

ಜೂನ್ ಇಪ್ಪತ್ತರಿಂದ ನಡಿಗೆ ಶುರುವಾಯಿತು. ದಿನಾ ಸಂಜೆ ಐದೂವರೆಗೆ, ಕೆಲಸ ಮುಗಿಸಿ ನಾನು ಹೋದ ಮೇಲೆ. ಮೂಗಿಗೆ ನಳಿಗೆ ಹಾಕಿಕೊಂಡು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುವುದು. ಆ ನಳಿಗೆಯನ್ನು ಅವರು ಮೂಗುದಾರ ಎನ್ನುತ್ತಿದ್ದರು. ಚಾಚಿ ಹಾಕಲು ಬಂದರೆ, "ಹಾಕಬೆ, ಗಳೇವಿಗಿ ಹೊತ್ತಾತು," ಎಂದು ಉಳುಮೆಗೆ ಹೊರಟ ಎತ್ತಿನಂತೆ ಕತ್ತು ಚಾಚುತ್ತಿದ್ದರು. ಮೊದಲ ದಿನ ಮೂವತ್ತೆಂಟು ಹೆಜ್ಜೆ, ಬೆರಳಿನ ಮೀಟರಿನಲ್ಲಿ ತೊಂಬತ್ತು. ನಾನು ನಾಲ್ಕು ಗೆರೆ ಎಳೆದು ಅಂಕಣ ಮಾಡಿದ್ದೆ: ತಾರೀಕು, ಹೆಜ್ಜೆ, ಬೆರಳು, ಮಾತು. ಮಾತಾಡುತ್ತ ನಡೆಯಬೇಕೆಂದಿದ್ದರಲ್ಲ, ಏನು ಮಾತಾಡಿದರು ಎಂಬುದನ್ನೂ ಬರೆಯುತ್ತಿದ್ದೆ.

ಆ ನಾಲ್ಕು ವಾರ ಅವರು ಎಷ್ಟು ಮಾತಾಡಿದರೋ ಅಷ್ಟನ್ನು ಅದಕ್ಕೆ ಮೊದಲಿನ ಎಂಟೊಂಬತ್ತು ವರ್ಷದಲ್ಲಿ ಮಾತಾಡಿರಲಿಲ್ಲ. ಜೂನ್ ಇಪ್ಪತ್ತಾರು, ನಲವತ್ತೇಳು ಹೆಜ್ಜೆ, ತೊಂಬತ್ತೊಂದು: ತಂಬ್ರಹಳ್ಳಿಯ ಕುಸ್ತಿ. ಎದುರಾಳಿ ಹಿಟ್ಟಿನ ಗಿರಣಿಯವನು, ಭಾರೀ ಆಳು. ವಸ್ತಾದರನ್ನು ಕೆಡವಿ ಮೇಲೆ ಬಿದ್ದವನು ಏಳಲಾಗದೆ ಅಲ್ಲೇ ಉಳಿದನಂತೆ. "ಮಂದಿ ಮಲಗಿದ್ರ ಗಾದಿಗಿ ಏನ್ ಅನಸ್ತೈತಿ ಅಂತ ಅವತ್ತ ತಿಳೀತು ನೋಡು." ಜುಲೈ ಮೂರು, ಐವತ್ತೆಂಟು ಹೆಜ್ಜೆ, ತೊಂಬತ್ತು: ಚಾಚಿಯನ್ನು ಮೊದಲು ನೋಡಿದ್ದು. ಕೂಡ್ಲಿಗಿಯಲ್ಲಿ ಅವರು ಹೊಲಿದುಕೊಟ್ಟ ಗಾದಿಯಲ್ಲಿ ಗಂಟಿದೆ ಎಂದು ಒಬ್ಬ ಹುಡುಗಿ ಜಗಳಕ್ಕೆ ಬಂದಿದ್ದಳು. ಗಂಟು ಇರಲೇ ಇಲ್ಲ ಎಂದು ವಸ್ತಾದರು ನನಗೆ ಹೇಳುತ್ತಿದ್ದಾಗ ಅಡುಗೆ ಮನೆಯಿಂದ ಚಾಚಿಯ ದನಿ ಬಂತು: "ಇತ್ತು. ಹುಣಸಿಬೀಜದಷ್ಟು ಇತ್ತು."

ಕಾಲಿನ ಬಾವು ಇಳಿಯಿತು. ನಾಲ್ಕು ದಿಂಬು ಒರಗಿ ಕೂತೇ ನಿದ್ದೆ ಮಾಡುತ್ತಿದ್ದವರು ಎರಡು ದಿಂಬಿಗೆ ಬಂದರು. ಒಂದು ಸಂಜೆ ನಲ್ಲಿಯ ಬಳಿ ಕೂತು ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವಜೂವನ್ನು ತಾವೇ ಮಾಡಿಕೊಂಡರು. ಯಾರೂ ನೀರು ಹಾಕಬೇಕಾಗಲಿಲ್ಲ. ಚಾಚಿ ಬಾಗಿಲಲ್ಲಿ ನಿಂತು ನೋಡಿದ್ದನ್ನೂ ನಾನು ಬರೆದಿದ್ದೇನೆ. ಜುಲೈ ಹದಿನೇಳಕ್ಕೆ ಎಪ್ಪತ್ತನಾಲ್ಕು ಹೆಜ್ಜೆ, ಬೆರಳಿನಲ್ಲಿ ತೊಂಬತ್ತೊಂದು.

ಅವತ್ತೇ ಗರಡಿಯ ಹುಡುಗರು ನಾಲ್ವರು ಬಂದರು. ನಾಗರಪಂಚಮಿಯ ದಿನ ಅಖಾಡದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿ, ಮೊದಲ ಹಿಡಿ ಮಣ್ಣನ್ನು ವಸ್ತಾದರು ಎರಚಿದ ಮೇಲೆ ಹೊಸ ವರ್ಷದ ಸಾಮು ಶುರುವಾಗುವುದು ನಮ್ಮಲ್ಲಿ ರೂಢಿ. ಹೊಸ ಮಣ್ಣು ತರಿಸಿದ್ದರು. ಸರಿಯಿದೆಯೋ ಇಲ್ಲವೋ ಮೂಸಿ ನೋಡಲೆಂದು ಒಂದು ಹಿಡಿಯನ್ನು ಟವಲಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಪಂಚಮಿಯ ದಿನ ಕುರ್ಚಿಯ ಮೇಲೆ ಕೂರಿಸಿ ಹೊತ್ತುಕೊಂಡು ಹೋಗುತ್ತೇವೆ ಎಂದು ಒಬ್ಬ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ವಸ್ತಾದರು ಮಣ್ಣು ಮೂಸಿದರು. ಆಮೇಲೆ ನನ್ನ ಕಡೆ ತಿರುಗಿ, "ಲೆಕ್ಕಪ್ಪ, ಇಲ್ಲಿಂದ ಗರಡಿ ಎಷ್ಟ ಹೆಜ್ಜಿ?" ಎಂದು ಕೇಳಿದರು.

ನಾನು ಎದ್ದು ಹೋದೆ. ಅವರು ಈಗ ಇಡುತ್ತಿದ್ದಷ್ಟೇ ಉದ್ದದ ಹೆಜ್ಜೆ ಇಡುತ್ತ ಅವರ ಹೊಸ್ತಿಲಿನಿಂದ ಗರಡಿಯ ಬಾಗಿಲಿನವರೆಗೆ ನಡೆದು ಎಣಿಸಿದೆ. ಇನ್ನೂರ ಹನ್ನೆರಡು. ಪಂಚಮಿಗೆ ಇಪ್ಪತ್ತಮೂರು ದಿನ ಇತ್ತು. ನೋಟುಬುಕ್ಕಿನ ಅಂಚಿನಲ್ಲಿ ಲೆಕ್ಕ ಹಾಕಿದೆ. ಇನ್ನೂರ ಹನ್ನೆರಡರಲ್ಲಿ ಎಪ್ಪತ್ತನಾಲ್ಕು ಹೋದರೆ ನೂರ ಮೂವತ್ತೆಂಟು. ಅದನ್ನು ಇಪ್ಪತ್ತಮೂರರಿಂದ ಭಾಗಿಸಿದರೆ ಆರು. ಶೇಷ ಸೊನ್ನೆ.

ಶೇಷವಿಲ್ಲದೆ ಭಾಗವಾದದ್ದು ನನಗೆ ಒಳ್ಳೆಯ ಶಕುನದಂತೆ ಕಂಡಿತು. ಎಲ್ಲರೆದುರು ಹೇಳಿದೆ: "ದಿನಕ್ಕ ಆರು ಹೆಚ್ಚ ಮಾಡಿದ್ರ ಪಂಚಮಿ ದಿನ ಸರಿಯಾಗಿ ಮುಟ್ತೀರಿ ವಸ್ತಾದ್ರ."

ಅವರು ಟವಲಿನ ಮಣ್ಣಿನ ಮೇಲೆ ಅಂಗೈ ಇಟ್ಟು, "ಇನ್ನೂರ ಹನ್ನೆರಡು," ಎಂದರು.

ಅಂಗಳದಲ್ಲಿ ನಡೆಯುವುದು ಬೇರೆ, ಓಣಿಯಲ್ಲಿ ನಡೆಯುವುದು ಬೇರೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ನಳಿಗೆ ಹೊಸ್ತಿಲ ಆಚೆ ಬರುತ್ತಿರಲಿಲ್ಲ. ಮರುದಿನ ಅವರು ಅದನ್ನು ಬಿಚ್ಚಿಟ್ಟು ಓಣಿಗೆ ಇಳಿದರು. ಮೂಗುದಾರ ಹಾಕಿಕೊಂಡು ಗರಡಿಗೆ ಹೋದ ಪೈಲ್ವಾನನನ್ನು ಎಲ್ಲಿಯಾದರೂ ಕಂಡಿದ್ದೀಯಾ ಎಂದರು. ಎಂಬತ್ತು ಹೆಜ್ಜೆಗೆ ನಾನು ಕುರ್ಚಿ ಹಾಕಿ ಕಾಯುತ್ತಿದ್ದೆ. ಕೂತ ಕೂಡಲೇ ಬೆರಳಿಗೆ ಮೀಟರು ಸಿಕ್ಕಿಸಿದೆ. ಎಂಬತ್ತಾರು.

ಡಾಕ್ಟರಮ್ಮನಿಗೆ ಫೋನು ಮಾಡಬೇಕು ಎಂದೆ.

ಅವರು ಕೈ ಎತ್ತಿ ತಡೆದರು. ಉಸಿರು ತಿರುಗಿದ ಮೇಲೆ, "ಆಕಿಗಿ ಹೇಳಿದ್ರ ಮತ್ತ ಅಂಗಳದಾಗ ಕಟ್ಟಿಹಾಕ್ತಾಳ. ಹಸಿದ ರಕ್ತ ಕಲೀತೈತೋ, ಸ್ವಲ್ಪ ತಡಿ," ಎಂದರು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರೆ ತೊಂಬತ್ತು ತೋರಿಸಿತು. ನಾನು ಎರಡನ್ನೂ ಬರೆದೆ. ಬೆರಳಿನ ಅಂಕಣವನ್ನು ಗೆರೆ ಎಳೆದು ಎರಡು ಮಾಡಿದೆ, ನಡೆದ ಕೂಡಲೇ ಒಂದು, ಕೂತ ಮೇಲೆ ಒಂದು. ಸುಳ್ಳು ಬರೆಯಲಿಲ್ಲ ಎಂಬ ಸಮಾಧಾನ ಇತ್ತು. ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟೆ.

ಅವರ ಮೇಲೆ ಹೊರಿಸಿ ನಾನು ಪಾರಾಗಲಾರೆ. ಫೋನು ನನ್ನ ಜೇಬಿನಲ್ಲಿತ್ತು, ನಂಬರು ಮೊದಲ ಪುಟದಲ್ಲಿತ್ತು. ಅವರಿಗೆ ಕಾಣದ ಹಾಗೆ ಮನೆಗೆ ಹೋಗಿ ಮಾಡಬಹುದಿತ್ತು. ಎಪ್ಪತ್ತನಾಲ್ಕರ ನಂತರ ಎಂಬತ್ತು, ಎಂಬತ್ತಾರು, ತೊಂಬತ್ತೆರಡು ಎಂದು ಅಂಕಿಗಳು ಮೆಟ್ಟಿಲಿನಂತೆ ಏರುವುದನ್ನು ನೋಡಲು ನನಗೆ ಆಸೆ ಹುಟ್ಟಿತ್ತು. ಪಂಚಮಿಯ ದಿನ ಇನ್ನೂರ ಹನ್ನೆರಡು ಎಂದು ಬರೆಯುವ ಸಾಲನ್ನು ಮೊದಲೇ ಗೆರೆ ಎಳೆದು ಇಟ್ಟಿದ್ದೆ.

ಜುಲೈ ಇಪ್ಪತ್ತೈದು: ನೂರ ಇಪ್ಪತ್ತೆರಡು ಹೆಜ್ಜೆ, ಕೂಡಲೇ ಎಂಬತ್ತೆರಡು, ಕೂತ ಮೇಲೆ ಎಂಬತ್ತೆಂಟು. ಓಣಿಯವರು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಕೆಲವರು ಕೈಮುಗಿದರು. ಎಪ್ಪತ್ತರ ಹತ್ತಿರದ ಮುದುಕ, ಆಸ್ಪತ್ರೆಯವರು ಕೈಬಿಟ್ಟವನು, ದಿನದಿನಕ್ಕೆ ಗಟ್ಟಿಯಾಗುತ್ತಿದ್ದಾನೆ ಎಂದು ಅವರು ತಿಳಿದಿದ್ದರು. ಆಸ್ಪತ್ರೆಯವರು ಕೈಬಿಟ್ಟಿರಲಿಲ್ಲ, ಆ ಮಾತು ಹೇಗೆ ಹುಟ್ಟಿತೋ. ನಾನು ಅದನ್ನು ತಿದ್ದಲಿಲ್ಲ.

ಆಗಸ್ಟ್ ಒಂದು: ನೂರ ಅರವತ್ತನಾಲ್ಕು, ಎಪ್ಪತ್ತೇಳು, ಎಂಬತ್ತೈದು. ಹದಿನೈದು ದಿನದಿಂದ ಮಾತಿನ ಅಂಕಣದಲ್ಲಿ ಒಂದಕ್ಷರ ಇಲ್ಲ. ನಡೆಯುವಾಗ ಹಲ್ಲು ಕಚ್ಚಿ, ಕಣ್ಣು ನೆಲದ ಮೇಲಿಟ್ಟು, ಗರಡಿಯಲ್ಲಿ ಕೊನೆಯ ಹತ್ತು ಬಸ್ಕಿ ಹೊಡೆಯುವವರ ಹಾಗೆ ನಡೆಯುತ್ತಿದ್ದರು. ಪಾದ ಮತ್ತೆ ಬಾತಿತ್ತು, ಚಪ್ಪಲಿ ಹಿಡಿಸದೆ ಬರಿಗಾಲಲ್ಲಿ ಬರುತ್ತಿದ್ದರು. ದಿಂಬು ನಾಲ್ಕಾಗಿತ್ತು. ಒಂದು ದಿನ ಚಾಚಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಮನ್ಯಾಗ ಎರಡು ತುತ್ತು ಉಂಬಾಕ ದಮ್ಮು ಹತ್ತತೈತಿ ಇವ್ರಿಗೆ. ನಿನ್ನ ಪುಸ್ತಕ ಏನ್ ಹೇಳ್ತೈತಿ ತಮ್ಮಾ?"

ಚಾಚಿಗೂ ಓದಲು ಬರುವುದಿಲ್ಲ. ನಾನು ಹೆಜ್ಜೆಯ ಅಂಕಣದ ಮೇಲೆ ಬೆರಳಿಟ್ಟು, "ಏರಾಕತ್ತೈತಿ ಚಾಚಿ," ಎಂದೆ.

ಆಗಸ್ಟ್ ಆರರ ಸಂಜೆ ನೂರ ತೊಂಬತ್ತನಾಲ್ಕು ಹೆಜ್ಜೆ. ಕುರ್ಚಿಯವರೆಗೆ ಬಂದರು, ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತು ಗರಡಿಯ ಬಾಗಿಲನ್ನು ನೋಡಿದರು. ಹದಿನೆಂಟೇ ಹೆಜ್ಜೆ ಆಚೆಗೆ ಇತ್ತು. ಆಮೇಲೆ ಕುರ್ಚಿಯ ಸಮೇತ ಕುಸಿದರು. ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಬೆರಳಿಗೆ ಮೀಟರು ಸಿಕ್ಕಿಸಿದರೆ ಅಂಕಿಯೇ ಬರಲಿಲ್ಲ, ಬರೇ ಗೆರೆ ಬಂತು. ಗರಡಿಯ ಹುಡುಗರು ಓಡಿ ಬಂದರು. ಟಂಟಂನಲ್ಲಿ ಮಲಗಿಸಿ ಮೊದಲು ಊರಿನ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹರಪನಹಳ್ಳಿ ಹಾದು ದಾವಣಗೆರೆಗೆ ಹೋದೆವು.

ಮರುದಿನ ಮುಂಜಾನೆ ಡಾಕ್ಟರಮ್ಮ ನನ್ನನ್ನು ಕರೆಸಿ ನೋಟುಬುಕ್ಕು ಕೇಳಿದರು. ನಿಂತುಕೊಂಡೇ ಪುಟ ತಿರುವಿದರು. ಜೂನಿನ ಪುಟಗಳಲ್ಲಿ ತಲೆಯಾಡಿಸಿದರು. ಜುಲೈ ಹದಿನೆಂಟಕ್ಕೆ ಬಂದಾಗ ಬೆರಳು ನಿಂತಿತು. ಆಮೇಲೆ ಒಂದೊಂದೇ ಸಾಲಿನ ಮೇಲೆ ಬೆರಳು ಇಳಿಯುತ್ತ ಹೋಯಿತು. ಎಂಬತ್ತಾರು, ಎಂಬತ್ತೆರಡು, ಎಪ್ಪತ್ತೇಳು, ಎಪ್ಪತ್ತನಾಲ್ಕು.

"ಇದನ್ನ ಬರೆದೋರು ಯಾರು?"

ನಾನೇ ಎಂದೆ.

"ಇಷ್ಟು ಅಚ್ಚುಕಟ್ಟಾಗಿ ಬರೆದೀರಿ," ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಒಂದು ಸಲಾನೂ ಓದಲಿಲ್ವಾ?"

ಪ್ರತಿ ತಿಂಗಳು ಸಾವಿರಾರು ಮನೆಯ ಮೀಟರು ಓದುತ್ತೇನೆ. ಅಂಕಿ ವಿಪರೀತ ಏರಿದ್ದರೆ ಮನೆಯವರನ್ನು ಕರೆದು, ಎಲ್ಲೋ ವೈರು ಕೆಟ್ಟಿದೆ ನೋಡಿಸಿ ಎಂದು ಹೇಳುವವನು ನಾನು. ಹೃದಯದ ಬಲಭಾಗ ಪೂರ್ತಿ ಸೋತಿದೆ, ಬಿಗಿದ ನಾಳಗಳು ಇನ್ನು ಸಡಿಲಾಗುವ ಹಾಗಿಲ್ಲ ಎಂದು ಡಾಕ್ಟರಮ್ಮ ಚಾಚಿಗೆ ನಿಧಾನವಾಗಿ ತಿಳಿಸಿ ಹೇಳಿದರು. ಚಾಚಿ ಸೆರಗಿನ ಚುಂಗು ಬಾಯಿಗೆ ಒತ್ತಿಕೊಂಡು ಕೇಳಿದರು.

ಪಂಚಮಿ ಬಂತು, ಹೋಯಿತು. ಗರಡಿಯಲ್ಲಿ ಮೊದಲ ಹಿಡಿ ಮಣ್ಣನ್ನು ಹಿರಿಯ ಪೈಲ್ವಾನನೊಬ್ಬ ಎರಚಿದನಂತೆ. ನಾನು ಆಸ್ಪತ್ರೆಯಲ್ಲೇ ಇದ್ದೆ. ಹನ್ನೊಂದನೇ ತಾರೀಕು ಮಧ್ಯಾಹ್ನ ವಸ್ತಾದರು ಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು. ಮುಖದ ಮೇಲಿನ ಮಾಸ್ಕನ್ನು ಒಂದು ಬೆರಳಿನಿಂದ ಎತ್ತಿದರು. ನಾನು ಬೇಡ ಎಂದು ಕೈ ಹಿಡಿದರೂ ಬಿಡಲಿಲ್ಲ. ಒಂದೊಂದು ಮಾತಿಗೆ ಒಂದೊಂದು ಉಸಿರು ಬೇಕಾಗುತ್ತಿತ್ತು.

"ನಿನ್ನ ಲೆಕ್ಕ... ಸರಿ ಇತ್ತಲೇ," ಎಂದರು. "ನನ್ನ ಮೈ... ತಪ್ಪಿತು."

ಅವರು ನನ್ನನ್ನು ಸಮಾಧಾನ ಮಾಡುತ್ತಿದ್ದರು. ಲೆಕ್ಕವೇ ತಪ್ಪಿತ್ತು ವಸ್ತಾದ್ರ ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಕೊನೆಯವರೆಗೆ ನಂಬಿದ್ದ ಒಂದೇ ಒಂದನ್ನೂ ಅವರ ಕೈಯಿಂದ ಕಿತ್ತುಕೊಂಡಂತಾಗುತ್ತದೆ ಎನಿಸಿತು. ಹೇಳದೆ ಉಳಿದದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿದಿಲ್ಲ. ಮಾಸ್ಕನ್ನು ಸರಿಯಾಗಿ ಕೂರಿಸಿದೆ. ಹನ್ನೆರಡನೇ ತಾರೀಕು ಮುಂಜಾನೆ ಏಳೂ ಹತ್ತಕ್ಕೆ ಅವರು ತೀರಿಕೊಂಡರು.

ಮಣ್ಣು ಕೊಡುವಾಗ ಗರಡಿಯ ಹುಡುಗರೆಲ್ಲ ಇದ್ದರು. ಟಂಟಂ ಪೈಲ್ವಾನ ಎಲ್ಲರಿಗಿಂತ ಹೆಚ್ಚು ಅತ್ತ. ಕೊನೆಯವರೆಗೂ ಹುಲಿಯ ಹಾಗೆ ನಡೆದರು, ಕುಂತು ಸಾಯಲಿಲ್ಲ ಎಂದು ಜನ ಮಾತಾಡಿಕೊಂಡರು. ಆ ಮಾತು ಈಗ ಓಣಿಯಲ್ಲಿ ಉಳಿದುಬಿಟ್ಟಿದೆ. ಹೊಸದಾಗಿ ಗರಡಿಗೆ ಸೇರುವ ಹುಡುಗರಿಗೂ ಹೇಳುತ್ತಾರೆ. ನಾನು ಎಣಿಕೆಗೆ ಹೋಗುವುದನ್ನು ಬಿಟ್ಟಿದ್ದೇನೆ.

ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆ ಮುಗಿದು ವಾರವಾದ ಮೇಲೆ ಚಾಚಿ ಹೇಳಿ ಕಳಿಸಿದರು. ಹೋದೆ. ಆಕ್ಸಿಜನ್ ಮಿಷನ್ನನ್ನು ಯಾರಿಗೋ ಬೇಕಾಗಿದೆಯೆಂದು ಕೊಟ್ಟುಬಿಟ್ಟಿದ್ದರು, ಅದನ್ನು ಇಟ್ಟಿದ್ದ ಜಾಗ ಖಾಲಿ ಇತ್ತು. ಚಹಾ ಕೊಟ್ಟರು. ನಿನ್ನ ಪುಸ್ತಕ ತಂದು ಪೂರ್ತಿ ಓದು, ನಾನು ಕೇಳಬೇಕು ಎಂದರು. ಬೈಯುವುದಿದ್ದರೆ ಬೈಯಲಿ ಎಂದುಕೊಂಡು ಮೊದಲ ಪುಟದಿಂದ ಓದಿದೆ. ತಾರೀಕು, ಹೆಜ್ಜೆ, ಬೆರಳು, ಮಾತು. ಗಿರಣಿಯವನ ಕುಸ್ತಿಗೆ ಚಾಚಿ ಮುಖ ಸಡಿಲಿಸಿ ನಕ್ಕರು. ತಾವೇ ವಜೂ ಮಾಡಿಕೊಂಡ ಸಂಜೆಯ ಸಾಲನ್ನು ಎರಡು ಸಲ ಓದಿಸಿದರು. ಜುಲೈ ಹದಿನೇಳರ ಸಾಲು ಮುಗಿಸಿ ಪುಟ ತಿರುವಲು ಹೋದಾಗ ನನ್ನ ಕೈಯ ಮೇಲೆ ಕೈ ಇಟ್ಟರು.

"ಇದು ಎಷ್ಟು?"

"ಎಪ್ಪತ್ನಾಕು ಚಾಚಿ."

ಚಾಚಿ ಎದ್ದರು. ವಸ್ತಾದರು ಮಲಗುತ್ತಿದ್ದ ಜಾಗದಿಂದ ನಲ್ಲಿಯವರೆಗೆ, ನಲ್ಲಿಯಿಂದ ಬೇವಿನ ಗಿಡದ ಕೆಳಗಿನ ಕಟ್ಟೆಯವರೆಗೆ, ಅಲ್ಲಿಂದ ಮತ್ತೆ ಒಳಗೆ, ನಿಧಾನವಾಗಿ ನಡೆದು ಬಂದರು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು. ಬಂದು ನನ್ನೆದುರು ನಿಂತರು.

"ಉಂಡು, ತೊಳಕೊಂಡು, ನಮಾಜ ಮಾಡಿ, ಕಟ್ಟಿ ಮ್ಯಾಲ ಕುಂತು ನನಕೂಡ ಜಗಳಾಡಾಕ ಇಷ್ಟ ಸಾಕಿತ್ತಲ್ಲೋ ತಮ್ಮಾ," ಎಂದರು. "ಉಳಿದದ್ದು ಯಾರಿಗಿ ಬೇಕಾಗಿತ್ತು?"